ಎಂಟನೆಯ ಡಬ್ಬಿ

ಹೋದ ತಿಂಗಳು ಸೊಸೆ ಮನೆಗೊಂದು ಸಣ್ಣ ಹಿಟ್ಟಿನ ಗಿರಣಿ ತರಿಸಿದಳು. ಸೊಂಟದಷ್ಟು ಎತ್ತರ, ಬಿಳಿ ಬಣ್ಣ, ಗುಂಡಿ ಒತ್ತಿದರೆ ಸಾಕು, ತಾನೇ ಬೀಸುತ್ತದೆ. ಮೊದಲ ದಿನವೇ ಜೋಳ ಹಾಕಿ ಏನೋ ತಪ್ಪು ತಿರುವಿದಳು. ಒಳಗೆ ಗರ್ರೆಂದಿತು. ಬಿಸಿ ಹಿಟ್ಟು ಸೀದ ವಾಸನೆ ಅಡಿಗೆಮನೆಯೆಲ್ಲ ತುಂಬಿತು. ಅವಳು ಕಿಟಕಿ ತೆಗೆಯಲು ಓಡಿದಳು. ನಾನು ಕುಳಿತಲ್ಲಿಂದಲೇ, "ಕಲ್ಲ ಬಿಗಿ ಆಗ್ಯಾವ, ಸಡಿಲ ಮಾಡು" ಅಂದೆ.

"ಇದರಾಗ ಕಲ್ಲs ಇಲ್ಲರಿ ಅತ್ತಿ" ಎಂದು ಸೊಸೆ ನಕ್ಕಳು.

ಆ ಮಾತು ನನ್ನದಲ್ಲ. ಗಿರಣಿಯ ಕಲ್ಲು ಬಿಗಿಯಾಗಿದೆ ಎಂದು ವಾಸನೆಯಿಂದಲೇ ಹೇಳುವವನು ಒಬ್ಬನಿದ್ದ. ಅವನ ಬಾಯಿಂದ ಎಷ್ಟು ಸಲ ಕೇಳಿದ್ದೆನೋ... ನನ್ನ ಬಾಯಿಗೆ ಬಂದುಬಿಟ್ಟಿತು. ಅವನ ವಿಷಯ ನಾನು ಆ ದಿನದವರೆಗೆ ನಲವತ್ತು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ನಾಲ್ಕನೇ ಇಯತ್ತೆ ಕಲಿತವಳು ನಾನು, ಬರೆದು ರೂಢಿಯಿಲ್ಲ. ಬಂದ ಹಾಗೆ ಬರೆಯುತ್ತೇನೆ.

ಅವನು ನಮ್ಮ ಊರಿನ ಗಿರಣಿಯವರ ತಮ್ಮ. ಗಿರಣಿ ಅಣ್ಣನದು. ಇವನು ಅಣ್ಣನ ಬೆನ್ನಿಗೆ ಹುಟ್ಟಿದವನು, ಆಗ ಮೂವತ್ತರ ಆಸುಪಾಸು. ಅವನಿಗೂ ಒಂದು ಹೆಸರಿತ್ತು. ಒಂದು ವರ್ಷ ಸಾಲಿಯ ಹಾಜರಿ ಪಟ್ಟಿಯಲ್ಲೂ ಇತ್ತಂತೆ. ಊರು ಆ ಹೆಸರನ್ನು ಬಳಸಲಿಲ್ಲ. ಎದುರಿಗೆ ಗಿರಣಿ ತಮ್ಮ, ಹಿಂದಿನಿಂದ ಮಬ್ಬ. ಕೆಲವರು ಎದುರಿಗೂ ಮಬ್ಬ ಅನ್ನುತ್ತಿದ್ದರು. ಅವನು ಎರಡಕ್ಕೂ ಒಂದೇ ರೀತಿ ಸುಮ್ಮನಿರುತ್ತಿದ್ದ.

ನಾನು ಚಚಡಿ ಊರಿನವಳು. ಬೈಲಹೊಂಗಲದಿಂದ ಎರಡು ಹರದಾರಿ ದೂರದ ಈ ಊರಿಗೆ ಸೊಸೆಯಾಗಿ ಬರುವಾಗ ನನ್ನ ಅಪ್ಪ ಒಂದು ಎಣ್ಣೆ ಡಬ್ಬಿಗೆ, ಚಕ್ಕಡಿಗೆ ಬಳಿದು ಉಳಿದ ನೀಲಿ ಬಣ್ಣ ಹಚ್ಚಿ ಕೊಟ್ಟಿದ್ದ. ಅದರಲ್ಲಿ ಜೋಳ ತುಂಬಿಕೊಂಡು ಮೊದಲ ಸಲ ಗಿರಣಿಗೆ ಹೋದಾಗ ಅವನು ನನ್ನ ಮುಖ ನೋಡಲಿಲ್ಲ. ಡಬ್ಬಿ ನೋಡಿದ. "ನೀಲಿ" ಅಂದ. ಅಂದಿನಿಂದ ನಾನು ಅವನಿಗೆ ನೀಲಿ. ಬಾವಿಯ ದಾರಿಯಲ್ಲೋ ಗುಡಿಯ ಮುಂದೋ ಎದುರಾದರೆ ಅವನಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ. ಡಬ್ಬಿ ಇದ್ದರೆ ನಾನು, ಇಲ್ಲದಿದ್ದರೆ ಯಾರೋ ಒಬ್ಬಳು.

ಊರ ಹೆಂಗಸರೆಲ್ಲ ಅವನಿಗೆ ಹೀಗೆಯೇ. ಒಬ್ಬಳು ಸೊಟ್ಟ ಡಬ್ಬಿ, ಒಬ್ಬಳು ಹಗ್ಗದ ಹಿಡಿಕೆ. ನಮ್ಮ ಓಣಿಯ ಮುದುಕಿಯೊಬ್ಬಳನ್ನು ತೂತ ಡಬ್ಬಿ ಅನ್ನುತ್ತಿದ್ದ. ಅವಳು ಒಂದು ದಿನ ಸಿಟ್ಟಿಗೆದ್ದು, "ತೂತ ನಿನ್ನ ತಲಿಗೈತಿ, ಬಾಡ್ಯಾ" ಎಂದು ಬೈದಳು. ಮರುದಿನ ಅವನು ಆ ತೂತಿಗೆ ಮೇಣ ತುಂಬಿ, ಹಿಟ್ಟು ಸೋರದ ಹಾಗೆ ಮಾಡಿ ಕೊಟ್ಟ. ಆಮೇಲೂ ಅವಳು ತೂತ ಡಬ್ಬಿಯೇ. ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು.

ಆಗ ಗಿರಣಿಗೆ ಕರೆಂಟ್ ಬರುತ್ತಿದ್ದದ್ದು ಮುಂಜಾನೆ ಏಳರಿಂದ ಹತ್ತರವರೆಗೆ. ಹೆಂಗಸರು ಬೆಳಗಾಗುತ್ತಲೇ ಡಬ್ಬಿ ತಂದು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದರು. ಕಸ ಮುಸುರೆ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ಬೀಸಿ ಇಟ್ಟಿರುತ್ತಿತ್ತು. ಆಳು ನಿಲ್ಲಬೇಕಿರಲಿಲ್ಲ. ಡಬ್ಬಿ ನಿಂತರೆ ಪಾಳಿ ಹಿಡಿದ ಹಾಗೆ. ಆ ಪಾಳಿ ಕಾಯುವವನು ಅವನು. ನೀವು ಡಬ್ಬಿ ಇಟ್ಟ ಕೂಡಲೇ "ನಾಕು" ಅಂತಲೋ "ಆರು" ಅಂತಲೋ ಒಂದು ಅಂಕಿ ಹೇಳುತ್ತಿದ್ದ. ಅದು ನಿಮ್ಮದು. ನಡುವೆ ಗೌಡರ ಮನೆಯ ಡಬ್ಬಿ ಬಂದರೂ ಅದಕ್ಕೆ ಕೊನೆಯ ಅಂಕಿಯೇ. ಖಾರ ಬೀಸುವುದಿದ್ದರೆ ಎಲ್ಲರ ಜೋಳ ಮುಗಿದ ಮೇಲೆ. ಸಾಲಿನಲ್ಲಿ ಒಂದು ಡಬ್ಬಿ ನಾಲ್ಕು ಬೆರಳು ಮುಂದೆ ಬಂದಿದ್ದರೂ ಹಿಂದಕ್ಕೆ ಸರಿಸಿ ಸರಿ ಮಾಡುತ್ತಿದ್ದ.

ಬೇರೆ ಊರಿನ ಗಿರಣಿಗಳಲ್ಲಿ ಪಾಳಿಗಾಗಿ ಹೆಂಗಸರು ಜುಟ್ಟು ಹಿಡಿದುಕೊಂಡದ್ದನ್ನು ಕೇಳಿದ್ದೇನೆ. ನಮ್ಮಲ್ಲಿ ಅದು ಇರಲಿಲ್ಲ. ಅವನಿಂದ ಇರಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಅವನಿಗೆ ಆಗದೇ ಇದ್ದದ್ದು ಬಹಳ. ಹಲಗೆ ಬಾರಿಸುವ ಸದ್ದು ಆಗದು. ಮದುವೆ ಮೆರವಣಿಗೆ ಬಂದರೆ ಕಣಜದ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ. ಆದರೆ ಗಿರಣಿಯ ಸದ್ದು ಆಗುತ್ತಿತ್ತು. ಮೂರು ತಾಸು ಒಂದೇ ಸಮ ಗುಂಯ್ ಎನ್ನುವ ಆ ಸದ್ದಿನಲ್ಲಿ ನಮಗೆ ತಲೆ ನೋಯುತ್ತಿತ್ತು, ಅವನ ಮುಖ ಸಡಿಲಾಗುತ್ತಿತ್ತು. ಸದ್ದು ಒಂದು ಚೂರು ಬದಲಾದರೆ ಅಣ್ಣನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಊಟಕ್ಕೆ ಜೋಳದ ರೊಟ್ಟಿ, ಹಾಲು. ಹಬ್ಬವಿರಲಿ, ಅಮಾವಾಸ್ಯೆಯಿರಲಿ, ಅದೇ. ಹೋಳಿಗೆ ಮುಟ್ಟುತ್ತಿರಲಿಲ್ಲ. ಹೋಳಿಗೆ ತಿನ್ನದವನು ಮನುಷ್ಯನೇ ಅಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ತಮಾಷೆಗೆ ಅಂದದ್ದಲ್ಲ.

ಮದುವೆ ಮುಂಜಿಗೆ ಅವನನ್ನು ಕರೆಯುತ್ತಿರಲಿಲ್ಲ. "ಅವಂದು ಮನಿಗೆ ಕಳಸ್ತೇವ್ರಿ" ಎಂದು ಅಣ್ಣನಿಗೆ ಹೇಳುತ್ತಿದ್ದರು. ಕಳಿಸುತ್ತಿದ್ದದ್ದು ಅವನು ತಿನ್ನದ ಅಡಿಗೆ.

ಅವನ ಅವ್ವ ನಾನು ಬರುವುದಕ್ಕಿಂತ ಮೊದಲೇ ತೀರಿಕೊಂಡಿದ್ದಳು. ಅವಳಿದ್ದಾಗ ಮಗನನ್ನು ಕರೆದುಕೊಂಡು ಐದು ವರ್ಷ ಹರಕೆ ಹೊತ್ತು ಸವದತ್ತಿ ಗುಡ್ಡಕ್ಕೆ ನಡೆದು ಹೋಗಿದ್ದಳಂತೆ. ಯಾರೋ ಹೇಳಿದರೆಂದು ಒಬ್ಬ ಮಂತ್ರದವನ ಬಳಿಯೂ ಒಯ್ದಿದ್ದಳು. ಮೈಯಲ್ಲಿ ಹೊಕ್ಕದ್ದು ಹೊರಗೆ ಬರಬೇಕು ಎಂದು ಅವನು ಹುಡುಗನ ಎರಡೂ ಮಣಿಕಟ್ಟಿಗೆ ಕಾದ ಕಬ್ಬಿಣದಿಂದ ಬರೆ ಹಾಕಿದ. ಆಗ ನಾಲ್ಕು ಜನ ಕೈ ಹಿಡಿದಿದ್ದರಂತೆ. ಮೈಯಿಂದ ಏನೂ ಹೊರಗೆ ಬರಲಿಲ್ಲ. ಬರೆ ಮಾತ್ರ ಉಳಿಯಿತು, ಎರಡು ಕಪ್ಪು ಬಳೆ ತೊಟ್ಟ ಹಾಗೆ. ಅಲ್ಲಿಂದ ಅವನ ಕೈ ಯಾರೂ ಹಿಡಿಯುವಂತಿರಲಿಲ್ಲ. ಅಣ್ಣನೂ ಹಿಡಿಯುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು.

ಆ ದಿನ ನಮ್ಮ ನಾದಿನಿಯನ್ನು ನೋಡಲು ಕಿತ್ತೂರಿನ ಕಡೆಯಿಂದ ಜನ ಬರುವವರಿದ್ದರು. ಮಧ್ಯಾಹ್ನದ ಊಟಕ್ಕೆ ಹತ್ತು ಜನ. ಮುಂಜಾನೆ ನೋಡಿದರೆ ಮನೆಯಲ್ಲಿ ಹಿಟ್ಟಿಲ್ಲ. ಹಿಂದಿನ ದಿನ ನೋಡಿಕೊಳ್ಳಬೇಕಾದವಳು ನಾನು, ನೋಡಿರಲಿಲ್ಲ. ಅತ್ತೆ ಡಬ್ಬಿಯ ತಳ ಬಡಿದು ತೋರಿಸಿದಳು.

"ಬೀಗರಾಗೋರು ಬಂದ ಕುಂತಾಗ ಇದನ್ನ ಬಡೀತಿಯೇನ ಅವರ ಮುಂದ?"

"ಬಾಜೂ ಮನಿಯಾಗ ಎರಡ ಸೇರ ಕೇಳಿ ತರಲೇನ್ರಿ ಅತ್ತಿ?" ಎಂದೆ.

"ಹೆಣ್ಣ ನೋಡಾಕ ಬರೋ ದಿನ ಹಿಟ್ಟ ಬೇಡಾಕ ಹೋಗತಿ? ಡಂಗುರ ಹೊಡಿ ಹಂಗಾದ್ರ. ಹೋಗು, ಬೀಸಿಕೊಂಡ ಬಾ. ಹಿಟ್ಟಿಲ್ಲದ ಬಂದಿ ಅಂದ್ರ ಮಾರಿ ತೋರಸಬ್ಯಾಡ."

ನಾನು ಗಿರಣಿಗೆ ಹೋದಾಗ ಎಂಟು ಹೊಡೆದಿತ್ತು. ಕಟ್ಟೆಯ ಮೇಲೆ ಏಳು ಡಬ್ಬಿ. ನನ್ನದನ್ನು ಇಟ್ಟೆ. ಅವನು "ಎಂಟು" ಅಂದು, ಬೀಸಿದ ಹಿಟ್ಟನ್ನು ತುಂಬಲು ಒಳಗೆ ಹೋದ. ಅಣ್ಣ ಮೇಲೆ ನಿಂತು ಕಾಳು ಸುರಿಯುತ್ತಿದ್ದ, ಅವನಿಗೆ ಹೊರಗಿನದು ಕಾಣುತ್ತಿರಲಿಲ್ಲ. ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಒಂದೊಂದು ಡಬ್ಬಿಗೆ ಕಾಲು ತಾಸು ಹಿಡಿದರೂ ನನ್ನ ಪಾಳಿ ಬರುವಷ್ಟರಲ್ಲಿ ಕರೆಂಟ್ ಹೋಗುವ ಹೊತ್ತು.

ನಾನು ಡಬ್ಬಿ ಎತ್ತಿ ಮೂರನೆಯ ಜಾಗದಲ್ಲಿಟ್ಟೆ. ಉಳಿದವನ್ನು ಒಂದೊಂದಾಗಿ ಹಿಂದೆ ಸರಿಸಿದೆ.

ಅವನಿಗೆ ತಿಳಿಯುವುದಿಲ್ಲ ಎಂದು ನಾನೇನೂ ಅಂದುಕೊಂಡಿರಲಿಲ್ಲ. ತಿಳಿಯುತ್ತದೆ ಎಂದು ಗೊತ್ತಿತ್ತು. ತಿಳಿದು ಹೇಳಿದರೂ ಅವನ ಮಾತು ಯಾರು ಕೇಳುತ್ತಾರೆ ಅಂದುಕೊಂಡೆ. ಅದು ಸುಳ್ಳಾಗಲಿಲ್ಲ.

ಎರಡು ಡಬ್ಬಿ ಮುಗಿದವು. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದ್ದರು. ಅವನು ಮೂರನೆಯದನ್ನು ಎತ್ತಲು ಬಗ್ಗಿದ. ನೀಲಿ ಕಂಡ. ಹಾಗೇ ಬಗ್ಗಿಕೊಂಡೇ ನಿಂತ. ಆಮೇಲೆ ನನ್ನ ಡಬ್ಬಿ ಎತ್ತಿಕೊಂಡು ಹೋಗಿ ಎಂಟನೆಯ ಜಾಗದಲ್ಲಿಟ್ಟ. "ಎಂಟು" ಅಂದ.

"ಇಲ್ಲೇ ಇತ್ತೋ ತಮ್ಮಾ, ಮೂರರಾಗ" ಎಂದು ನಾನು ಡಬ್ಬಿ ತಿರುಗಿ ತಂದಿಟ್ಟೆ.

"ಎಂಟು."

ಮತ್ತೆ ಒಯ್ದ. ನಾನು ಮತ್ತೆ ತಂದೆ. ಆಗ ನಿಲ್ಲಿಸಬಹುದಿತ್ತು. ಜನ ನೋಡುತ್ತಿದ್ದರು, ಈಗ ಹಿಂದೆ ಸರಿದರೆ ಕಳ್ಳಿಯಾಗುತ್ತೇನೆ ಅನ್ನಿಸಿತು. ತೂತ ಡಬ್ಬಿಯ ಮುದುಕಿ, "ಕರೆಂಟ್ ಹೋಕ್ಕೈತೋ ಮಾರಾಯಾ, ಯಾವದರ ಒಂದ ಹಾಕು" ಅಂದಳು. ಇನ್ನೊಬ್ಬಳು, "ಇವತ್ತ ಮಬ್ಬಗ ಏನೋ ಏರೇತಿ" ಅಂದಳು. ಅವನು ಎರಡೂ ಕಿವಿ ಮುಚ್ಚಿಕೊಂಡು, ನೆಲ ನೋಡುತ್ತ, "ಎಂಟು ಎಂಟು ಎಂಟು" ಎಂದು ಶುರು ಮಾಡಿದ. ಹುಚ್ಚು ಹಿಡಿದು ಅಂಕಿ ಎಣಿಸುತ್ತಿದ್ದಾನೆ ಎಂದು ಎಲ್ಲರೂ ನಕ್ಕರು. ಅವನು ಎಣಿಸುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದ. ಅಲ್ಲಿದ್ದವರಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೆ.

ಗೌಡರ ಮನೆಯ ಸೊಸೆ ಅಂದು ತಾನೇ ಬಂದಿದ್ದಳು. ದೇವರ ಎಡೆಗೆ ಬೇಕಾದ ಹಿಟ್ಟು, ಆಳಿನ ಕೈಯಲ್ಲಿ ಕಳಿಸುವ ಹಾಗಿರಲಿಲ್ಲ. ಅವಳದು ನನಗಿಂತ ಮೊದಲು ಬಂದ ಡಬ್ಬಿ. ನಾನು ಸರಿಸಿದ್ದರಿಂದ ಹಿಂದೆ ಹೋಗಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ. ನನ್ನ ಪರವಾಗಿಯೇ ಮಾತಾಡಿದಳು.

"ಅಕಿ ಮೂರನೇದು ಅಂದ್ರ ಮೂರನೇದು. ಸುಮ್ನ ಹಾಕ್ತಿಯೋ ಇಲ್ಲೋ?" ಎಂದು ಅವನ ಕೈಯನ್ನು ಕಿವಿಯಿಂದ ಎಳೆದಳು. ಮಣಿಕಟ್ಟು ಹಿಡಿದು ಎಳೆದಳು.

ಅವನು ಜಾಡಿಸಿಕೊಂಡ. ಅಷ್ಟೇ ನಡೆದದ್ದು. ಹೊಡೆಯಲಿಲ್ಲ, ನೂಕಲಿಲ್ಲ, ಕೈ ಬಿಡಿಸಿಕೊಂಡ. ಅವಳು ಆಯ ತಪ್ಪಿ ಡಬ್ಬಿಗಳ ಮೇಲೆ ಬಿದ್ದಳು. ಜೋಳ ಚೆಲ್ಲಿತು. ಅವಳ ಎರಡೂ ಕೈಯ ಹಸಿರು ಬಳೆ ಒಡೆದು, ಒಂದು ಚೂರು ಚುಚ್ಚಿ ರಕ್ತ ಬಂತು.

ರಕ್ತ ಹೆಚ್ಚೇನೂ ಇರಲಿಲ್ಲ. ಆದರೆ ಮುತ್ತೈದೆಯ ಬಳೆ, ಗೌಡರ ಮನೆಯ ಮುತ್ತೈದೆಯ ಬಳೆ, ಪರಗಂಡಸಿನ ಕೈಯಿಂದ ಒಡೆದವು. ಅದು ನಮ್ಮ ಕಡೆ ಸಣ್ಣ ಮಾತಲ್ಲ.

ಗದ್ದಲ ಕೇಳಿ ಅಣ್ಣ ಗಿರಣಿ ಬಂದ್ ಮಾಡಿ ಓಡಿ ಬಂದ. ಸದ್ದು ಒಮ್ಮೆಲೇ ನಿಂತಿತು. ಹೊತ್ತಿಗೆ ಮೊದಲು ನಿಂತದ್ದು ಅವನಿಗೆ ಇನ್ನೂ ಕೆಟ್ಟದಾಯಿತು. ಅವನು ಕೂಗಿದ ಕೂಗು ನಮ್ಮ ಓಣಿಯವರೆಗೆ ಕೇಳಿಸಿತಂತೆ. ಅಷ್ಟರಲ್ಲಿ ಗೌಡರ ಮನೆಯ ಗಂಡಸರು ಬಂದರು. ಕಟ್ಟೆಯ ಮುಂದೆ ಅವನನ್ನು ಹೊಡೆದರು. ಹೊಡೆತ ಬೀಳುವಾಗಲೂ ಅವನು ಮುಖ ಮುಚ್ಚಿಕೊಳ್ಳಲಿಲ್ಲ, ಕಿವಿ ಮುಚ್ಚಿಕೊಂಡ. ಮೂಗಿನಿಂದ ರಕ್ತ ಸುರಿದು ಅಂಗಿಯ ಮೇಲಿನ ಹಿಟ್ಟಿನಲ್ಲಿ ಹೆಪ್ಪುಗಟ್ಟಿತು.

ನಾನು ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಜೋಳ ಜೋಳವಾಗಿಯೇ ಇತ್ತು. ಬಾಜೂ ಮನೆಗೆ ಹಿತ್ತಲಿನಿಂದ ಹೋಗಿ ಎರಡು ಸೇರು ಹಿಟ್ಟು ಕೇಳಿ ತಂದೆ. ಅತ್ತೆ ಅದನ್ನೇ ಜರಡಿ ಹಿಡಿದಳು. ಮೊದಲೇ ತರಬಹುದಿತ್ತು.

ಕಿತ್ತೂರಿನವರು ಬಂದರು, ಉಂಡರು, ರೊಟ್ಟಿ ತೆಳ್ಳಗಿವೆ ಅಂದರು. ಹೆಣ್ಣು ಒಪ್ಪಿಗೆಯಾಯಿತು.

ಅಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರುವವರಿದ್ದರು. ಅದಕ್ಕೆ ಮೊದಲು, ಬಿಸಿಲು ಇಳಿಯುವ ಹೊತ್ತಿಗೆ ಗಿರಣಿಯ ಅಣ್ಣ ಒಂದೊಂದೇ ಮನೆಗೆ ತಿರುಗುತ್ತ ಬಂದ. ಮೈಮೇಲಿನ ಹಿಟ್ಟನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ನಮ್ಮ ಹೊಸ್ತಿಲಿನ ಹೊರಗೆ ನಿಂತ. ಅತ್ತೆ ಜಗಲಿಯ ಮೇಲಿದ್ದಳು, ನಾನು ಬಾಗಿಲ ಸಂದಿಯಲ್ಲಿ.

"ಅವ್ವಾರ, ಡಬ್ಬಿ ಯಾರೋ ಸರಿಸ್ಯಾರ. ಇಲ್ಲಂದ್ರ ಅಂವ ಹಂಗ ಮಾಡಾಂವಲ್ಲ. ನಿಮಗೂ ಗೊತ್ತೈತಿ. ಸರಿಸಿದಾಕಿ ಯಾರು ಅಂತ ಹೆಸರs ಬ್ಯಾಡ. ಸರಿಸಿದ್ದು ಖರೇ ಅಂತ ಒಬ್ಬರು ಹೇಳಿದ್ರ ಸಾಕು, ಗೌಡ್ರು ಬಿಡತೇನಿ ಅಂದಾರ. ಇಲ್ಲಂದ್ರ ಅವನ್ನ ಗಿರಣಿಗೆ ಬರಗೊಡಬಾರದು ಅಂತಾರ." ಆಮೇಲೆ ನನ್ನ ಕಡೆ ತಿರುಗಿದ. "ತಂಗಿ, ನೀನೂ ಅಲ್ಲೇ ಇದ್ದಿ. ಗಿರಣಿ ಬಿಟ್ರ ಅವಗ ಮತ್ತೊಂದ ಇಲ್ಲವಾ. ನೀ ಏನರ ನೋಡಿದೇನ?"

"ನನಗ ಗೊತ್ತಿಲ್ಲರಿ ಅಣ್ಣಾರ" ಅಂದೆ.

ಅವನು ತಲೆ ಅಲ್ಲಾಡಿಸಿ ಮುಂದಿನ ಮನೆಗೆ ಹೋದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ನನ್ನ ಮುಖ ನೋಡದೆ, "ಚಲೋ ಮಾಡಿದಿ" ಅಂದಳು. ಅವಳಿಗೂ ತಿಳಿದಿತ್ತು.

ಆಗ ನನಗೆ ಇದ್ದ ಹೆದರಿಕೆ ಏನು ಎಂದು ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಒಪ್ಪಿಗೆಯಾದ ನಾದಿನಿಯ ಸಂಬಂಧ ಮುರಿಯುತ್ತದೆ ಅಂತಲೋ, ಗಂಡ ಹೊಡೆಯುತ್ತಾನೆ ಅಂತಲೋ, ಪಾಳಿ ಕದ್ದವಳು ಅನ್ನುತ್ತಾರೆ ಅಂತಲೋ... ಎಲ್ಲ ಸೇರಿ ಇರಬೇಕು. ಹೆಚ್ಚೆಂದರೆ ಎಂಟು ದಿನ ಬೈಸಿಕೊಳ್ಳುತ್ತಿದ್ದೆ. ಅಷ್ಟಕ್ಕೆ ಸುಮ್ಮನಿದ್ದೆ. ಎದುರಿಗಿದ್ದವನು ಮಬ್ಬ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿರಲಿಲ್ಲವೇನೋ.

ಹಿರಿಯರು ಕೂತರು. ಅಣ್ಣನನ್ನು ಕೇಳಿದರು, ಗೌಡರನ್ನು ಕೇಳಿದರು, ನಾಲ್ಕು ಹೆಂಗಸರನ್ನು ಕೇಳಿದರು. ಅವನು ಹತ್ತು ಹೆಜ್ಜೆ ದೂರದಲ್ಲಿ ಬೇವಿನ ಬುಡಕ್ಕೆ ಕುಳಿತಿದ್ದನಂತೆ. ಅವನನ್ನು ಯಾರೂ ಕೇಳಲಿಲ್ಲ.

ಅವನು ಗಿರಣಿಯ ಕಟ್ಟೆ ಹತ್ತಬಾರದು ಎಂದಾಯಿತು. ಮರುದಿನ ಏಳು ಹೊಡೆಯುತ್ತಲೇ ಗಿರಣಿ ಶುರುವಾಯಿತು, ಅವನು ಬಂದ. ಅಣ್ಣ ಮನೆಗೆ ಕಳಿಸಿದ. ಅದರ ಮರುದಿನವೂ ಬಂದ. ಮೂರನೆಯ ದಿನದಿಂದ ಕರೆಂಟ್ ಇರುವ ಮೂರು ತಾಸು ಅವನನ್ನು ಮನೆಯೊಳಗೆ ಹಾಕಿ ಚಿಲಕ ಹಾಕತೊಡಗಿದರು. ಒಳಗಿನಿಂದ ಬಾಗಿಲಿಗೆ ಹಣೆ ಬಡಿಯುತ್ತಿದ್ದ. ನೀರಿಗೆ ಹೋಗುವಾಗ ಆ ಮನೆಯ ಮುಂದೆ ಹೋಗಬೇಕಿತ್ತು. ನಾನು ದೂರದ ದಾರಿ ಹಿಡಿದೆ.

ಎರಡು ತಿಂಗಳಾದ ಮೇಲೆ ರಾಮದುರ್ಗದಲ್ಲಿದ್ದ ಅಕ್ಕ ಬಂದು ಅವನನ್ನು ಕರೆದುಕೊಂಡು ಹೋದಳು. ಬಸ್ ಹತ್ತಿಸಲು ಅಣ್ಣ, ಅಕ್ಕ ಇಬ್ಬರೂ ಬೇಕಾಯಿತು. ಊರು ನೋಡಿತು. "ಪೀಡಾ ಹೋತು" ಎಂದವರೂ ಇದ್ದರು. ಗಿರಣಿಯ ಕಟ್ಟೆಯ ಮೇಲೆ ಅಂದಿನಿಂದ ದಿನಾ ಜಗಳ. ನನ್ನದು ಮೊದಲು, ನಿನ್ನದು ಆಮೇಲೆ. ಕೊನೆಗೆ ಅಣ್ಣ ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯಲು ಶುರು ಮಾಡಿದ. ಹೆಂಗಸರು ಅದನ್ನೂ ಒರೆಸಿ ಬೇರೆ ಬರೆಯುತ್ತಿದ್ದರು.

ಎರಡು ವರ್ಷದ ಮೇಲೆ ನಮ್ಮ ಬಳಗದವರ ಮನೆಶಾಂತಿಗೆಂದು ರಾಮದುರ್ಗಕ್ಕೆ ಹೋಗಿದ್ದೆ. ಊಟವಾದ ಮೇಲೆ ಒಬ್ಬಳೇ ಹೊರಟು ಅವನ ಅಕ್ಕನ ಮನೆ ಕೇಳುತ್ತ ಹೋದೆ. ಯಾಕೆ ಹೋದೆ ಎಂದು ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ನೇಕಾರರ ಓಣಿ. ಎರಡೂ ಕಡೆ ಮಗ್ಗದ ಸದ್ದು, ಒಂದೇ ಸಮ. ಅಕ್ಕ ನನ್ನ ಗುರುತು ಹಿಡಿದು ಒಳಗೆ ಕರೆದಳು.

"ಹೆಂಗ ಅದಾರ್ರಿ ತಮ್ಮಾರು?" ಎಂದೆ. ಅವನಿಗೆ ಅದೇ ಮೊದಲ ಸಲ ನಾನು ಬಹುವಚನ ಹಾಕಿದ್ದು.

"ಅದಾನವಾ. ಮಗ್ಗ ನಡದಿರೋತನಕ ಸುಮ್ನ ಇರತಾನ. ನಿಂತ್ರ ಬಾಗಲಿಗೆ ಹೋಗತಾನ. ಹೊರಗ ಬಿಟ್ರ ಹುಡುಗರು ಕಲ್ಲ ಒಗಿತಾವ. ಇಲ್ಲಿ ಮಂದೀನೂ ನಿಮ್ಮೂರ ಮಂದಿ ಹಂಗs." ಬೈಗುಳದ ಧ್ವನಿಯಲ್ಲಿ ಹೇಳಲಿಲ್ಲ. ಹವೆಯ ಸುದ್ದಿ ಹೇಳಿದ ಹಾಗೆ ಹೇಳಿ ನೀರು ತರಲು ಒಳಗೆ ಹೋದಳು.

ಅವನು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದ. ಬಹಳ ಇಳಿದಿದ್ದ. ಹಣೆಯ ಮೇಲೆ ಒಂದು ಗಂಟು ಖಾಯಂ ಆಗಿತ್ತು. ಮುಂದೆ ನೂಲು ಸುತ್ತಿದ ಸಣ್ಣ ಕೊಳವೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಕೆಂಪು, ಹಳದಿ, ಮತ್ತೆ ಕೆಂಪು. ನಾನು ಎದುರಿಗೆ ಕುಳಿತೆ. ತಲೆ ಎತ್ತಲಿಲ್ಲ. ನನ್ನ ಕೈಯಲ್ಲಿ ಡಬ್ಬಿ ಇರಲಿಲ್ಲ, ನಾನು ಅವನಿಗೆ ಯಾರೂ ಆಗಿರಲಿಲ್ಲ.

"ನಾನs ಸರಿಸಿದ್ದೆ" ಅಂದೆ. "ಡಬ್ಬಿ ನಾನs ಸರಿಸಿದ್ದೆ. ಎಂಟನೇದಿತ್ತು."

ಅವನು ಎರಡು ಬೆರಳಿನಿಂದ ನನ್ನ ಸೆರಗಿನ ತುದಿ ಎತ್ತಿದ. ಅದು ಅವನ ಸಾಲಿನ ಮೇಲೆ ಬಿದ್ದಿತ್ತು. ಎತ್ತಿ ಪಕ್ಕಕ್ಕಿಟ್ಟ. ಸರಿದಿದ್ದ ಒಂದು ಕೆಂಪು ಕೊಳವೆಯನ್ನು ಅದರ ಜಾಗದಲ್ಲಿಟ್ಟ.

ಅಕ್ಕ ನೀರು ತಂದಳು. ಕುಡಿದೆ. ಅವಳಿಗೂ ಹೇಳಬೇಕು ಅಂದುಕೊಂಡೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಅದರ ಮರು ಮಳೆಗಾಲದಲ್ಲಿ ಅವನಿಗೆ ಕಾಮಣಿಯಾಗಿ ಕಣ್ಣು ಹಳದಿಯಾದವು. ಯಾರಿಗೂ ಮೈ ಮುಟ್ಟಗೊಡಲಿಲ್ಲವಂತೆ, ಔಷಧ ಕುಡಿಯಲಿಲ್ಲವಂತೆ. ತೀರಿಕೊಂಡನೆಂದು ಸುದ್ದಿ ಬಂದ ದಿನ ಅಣ್ಣ ಗಿರಣಿ ಬಂದ್ ಇಟ್ಟು ರಾಮದುರ್ಗಕ್ಕೆ ಹೋದ. ಹಿಟ್ಟಿಲ್ಲವೆಂದು ಹೆಂಗಸರು ಗೊಣಗಿದರು. ನಾನು ಅನ್ನ ಮಾಡಿದೆ.

ಆಮೇಲೆ ಏನಿದೆ... ಮಕ್ಕಳು, ಅವರ ಮದುವೆ, ಗಂಡ ಹೋದದ್ದು. ಅಣ್ಣ ತೀರಿಕೊಂಡ, ಆ ಅಕ್ಕ ತೀರಿಕೊಂಡಳು, ಅತ್ತೆಯಂತೂ ಎಂದೋ ಹೋದಳು. ಗಿರಣಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ.

ಸೊಸೆಯ ಹಿಟ್ಟು ಸೀದ ದಿನ ಸಂಜೆ ಮೊಮ್ಮಗಳು ಫೋನ್ ಮಾಡಿದಳು. ಅವಳು ಕಿತ್ತೂರಿನ ಕಡೆ ಒಂದು ಸಾಲಿಯಲ್ಲಿ ಟೀಚರ್. ಯಾಕೋ ಅವಳ ಮುಂದೆ ಗಿರಣಿ ತಮ್ಮನ ರೀತಿಗಳನ್ನೆಲ್ಲ ಹೇಳಿದೆ, ನನ್ನ ಕೆಲಸ ಹೇಳಲಿಲ್ಲ. ಅವಳು ಕೇಳಿ, "ಆಯಿ, ಅದಕ್ಕ ಆಟಿಸಂ ಅಂತಾರ. ಹುಚ್ಚ ಅಲ್ಲ ಅದು. ಹುಟ್ಟಾ ಅವರ ತಲಿ ಬ್ಯಾರೆ ನಮೂನಿ ನಡಿತೈತಿ, ಅಷ್ಟs. ನನ್ನ ಕ್ಲಾಸಿನಾಗೂ ಒಂದ ಹುಡಿಗಿ ಅದಾಳ. ಎಲ್ಲಾರ ಚಪ್ಪಲಿ ಸಾಲಾಗಿ ಜೋಡಸ್ತಾಳ" ಅಂದಳು. ಮೊನ್ನೆ ಆ ಹುಡುಗಿ ಒಬ್ಬನನ್ನು ಕಚ್ಚಿದಳಂತೆ. ನಾಲ್ಕು ಮಕ್ಕಳ ತಂದೆ ತಾಯಿ ಬಂದು, ಅವಳನ್ನು ತೆಗೆಯಿರಿ, ನಮ್ಮ ಮಕ್ಕಳ ಬಾಜೂ ಕೂಡಿಸಬೇಡಿ ಎಂದು ಕೂತಿದ್ದಾರಂತೆ.

"ಆ ಹುಡಿಗಿನ್ನ ಯಾರರ ಕೇಳಿದ್ರೇನ?" ಎಂದೆ.

"ಏನ ಕೇಳೂದು ಆಯಿ?"

"ಮೊದಲ ಏನಾತು ಅಂತ."

"ನಾಳೆ ಕೇಳತೇನಿ" ಅಂದಳು.

ಮರುದಿನ ನಾನು ಗೌಡರ ಮನೆಗೆ ಹೋದೆ. ಅಂದು ಬಳೆ ಒಡೆಸಿಕೊಂಡ ಸೊಸೆ ಈಗ ಆ ಮನೆಯ ಗೌಡಶಾನಿ, ನನಗಿಂತ ನಾಲ್ಕು ವರ್ಷ ಹಿರಿಯಳು. ಗಂಡ ಹೋಗಿ ಹತ್ತು ವರ್ಷ. ಮಂಚದ ಮೇಲೆ ಕುಳಿತು ಟಿವಿ ನೋಡುತ್ತಿದ್ದಳು. ಸದ್ದು ಸಣ್ಣ ಮಾಡಿಸಿ ಎಲ್ಲ ಹೇಳಿದೆ. ಡಬ್ಬಿ ಸರಿಸಿದ್ದು, ಸುಮ್ಮನಿದ್ದದ್ದು, ಅವನ ಅಣ್ಣ ಹೊಸ್ತಿಲ ಮುಂದೆ ನಿಂತದ್ದು. ಅವಳು ಕಣ್ಣು ಸಣ್ಣ ಮಾಡಿ ಕೇಳಿದಳು.

"ಯಾವ ಗಿರಣಿ ಮಾತವಾ ಇದು? ನನಗ ಬಳಿ ಒಡದಿದ್ವೇನ?"

"ಒಡದಿದ್ವರಿ. ರಕ್ತ ಬಂದಿತ್ತು."

ಅವಳು ತನ್ನ ಬೋಳು ಕೈ ತಿರುಗಿಸಿ ನೋಡಿಕೊಂಡಳು. "ನೆನಪs ಇಲ್ಲ ನೋಡು. ಆ ಹುಚ್ಚನ್ನ ಎಲ್ಲೋ ಕಳಸಿದ್ರಲ್ಲ, ಅಷ್ಟ ನೆನಪೈತಿ. ಯಾಕ ಕಳಸಿದ್ರಂತ?"

"ಅಂವ ಹುಚ್ಚ ಅಲ್ಲರಿ" ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಆತು ಬಿಡು, ಅಲ್ಲ ಅಂದ್ರ ಅಲ್ಲ" ಅಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಎಷ್ಟ ವರ್ಷದ ಮಾತ ಹಿಡಕೊಂಡ ಕುಂತಿ. ಇರಲಿ ಬಿಡವಾ ಇನ್ನ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಟಿವಿಯ ಸದ್ದು ಮತ್ತೆ ದೊಡ್ಡದು ಮಾಡಿಸಿದಳು.

ನಾನು ಗೋಡೆ ಹಿಡಿದು ಮನೆಗೆ ಬಂದೆ. ಇರಲಿ ಬಿಡು ಅನ್ನುವುದು ಅವಳ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಅನ್ನಬೇಕಾದವನು ಹೋಗಿ ಬಹಳ ವರ್ಷವಾಯಿತು.